ಭಾರತದ ರಸ್ತೆಗಳಿಂದ ಬರುವ ಕಾರ್ಬನ್‌ಗೆ ಕಾರುಗಳೇ ಮುಖ್ಯ ಕಾರಣವಾ?

ಕಾರುಗಳ ಪಾಲೂ ಇದೆ, ಆದರೆ ದೊಡ್ಡ ಪಾಲು ಡೀಸೆಲ್‌ನದ್ದು. 2023-24ರಲ್ಲಿ ದೇಶದಲ್ಲಿ ಸುಮಾರು 3.7 ಕೋಟಿ ಟನ್ ಪೆಟ್ರೋಲ್ ಖರ್ಚಾದರೆ, ಡೀಸೆಲ್ ಸುಮಾರು 9 ಕೋಟಿ ಟನ್. ಅದರಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್, ಜನರೇಟರ್‌ಗೆ ಹೋಗುವುದನ್ನು ಬಿಟ್ಟರೂ ಲಾರಿ, ಬಸ್ಸುಗಳು ಕುಡಿಯುವುದು ತುಂಬಾ ಜಾಸ್ತಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಪೆಟ್ರೋಲ್‌ಗೆ 2.3. ಒಂದು ಕೆಜಿಯೂ ತೂಗದ ಎಣ್ಣೆಯಿಂದ ಇಷ್ಟು ಹೇಗೆ ಅನ್ನಿಸುತ್ತದೆ ಅಲ್ವಾ? ಉರಿಯುವಾಗ ಅದರ ಕಾರ್ಬನ್ ಗಾಳಿಯ ಆಮ್ಲಜನಕದ ಜೊತೆ ಸೇರುತ್ತದೆ, ಹೆಚ್ಚಿನ ತೂಕ ಅಲ್ಲಿಂದ ಬರುತ್ತದೆ.

ಎಲೆಕ್ಟ್ರಿಕ್ ಕಾರು ಬರಲಿ, ಖಂಡಿತ ಬೇಕು. ಆದರೆ ದೂರದ ಸರಕನ್ನು ರೈಲಿಗೆ ಹಾಕದೆ ಈ ಲೆಕ್ಕ ಇಳಿಯುವುದು ಕಷ್ಟ. ಒಂದು ಟನ್ ಸರಕನ್ನು ಅಷ್ಟೇ ದೂರ ಒಯ್ಯಲು ರೈಲಿಗೆ ಲಾರಿಗಿಂತ ಎಷ್ಟೋ ಕಡಿಮೆ ಶಕ್ತಿ ಸಾಕು.