ದೂರು ಕೊಟ್ಟ ಮೇಲೆ ಕಾಟ ಹೆಚ್ಚಾಗಿದೆ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಮ್ಯಾನೇಜರ್ ತಡರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ನನ್ನ ಉಡುಪು, ಮೈಕಟ್ಟಿನ ಬಗ್ಗೆ ಬರೆಯುತ್ತಿದ್ದರು. ಎರಡು ತಿಂಗಳ ಹಿಂದೆ ಮೀಟಿಂಗ್ ಮುಗಿದ ಮೇಲೆ ಬಾಗಿಲು ಹಾಕಿ ಮೈಮುಟ್ಟಿದರು. ಮರುದಿನವೇ ಎಚ್.ಆರ್. ಮುಖ್ಯಸ್ಥೆಗೆ ಎಲ್ಲವನ್ನೂ ಬಾಯಿಮಾತಿನಲ್ಲಿ ಹೇಳಿದೆ. ‘ನಾವು ನೋಡಿಕೊಳ್ಳುತ್ತೇವೆ, ಯಾರಿಗೂ ಹೇಳಬೇಡಿ’ ಎಂದರು. ಮೂರೇ ವಾರದಲ್ಲಿ ನನ್ನ ಪ್ರಾಜೆಕ್ಟ್ ಬೇರೆಯವರ ಪಾಲಾಯಿತು; ಪ್ರತಿವರ್ಷ 4 ಬರುತ್ತಿದ್ದ ಅಪ್ರೈಸಲ್ ರೇಟಿಂಗ್ 2ಕ್ಕೆ ಇಳಿಯಿತು. ಈಗ ‘ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆಯದು’ ಎನ್ನುತ್ತಿದ್ದಾರೆ. ದೂರು ಕೊಟ್ಟದ್ದೇ ತಪ್ಪಾಯಿತೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಇಲ್ಲ. ಆದರೆ ನಿಮ್ಮ ದೂರು ಸೇರಬೇಕಾದ ಕಡೆಗೆ ಇನ್ನೂ ಸೇರಿಲ್ಲ. ಎಚ್.ಆರ್. ವಿಭಾಗಕ್ಕೆ ಹೇಳುವುದೂ ಕಾನೂನಿನ ಪ್ರಕಾರ ದೂರು ಸಲ್ಲಿಸುವುದೂ ಒಂದೇ ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗಾಗಿ 2013ರಲ್ಲಿ ಬಂದ ಕಾಯ್ದೆಯಂತೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಪ್ರತಿಯೊಂದು ಕಚೇರಿಯಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಕಂಪನಿಗೆ ಸಂಬಂಧಪಡದ ಹೊರಗಿನ ಸದಸ್ಯರೊಬ್ಬರು ಇರಬೇಕು. ದೂರು ಲಿಖಿತವಾಗಿ ಈ ಸಮಿತಿಗೇ ಹೋಗಬೇಕು.

ನನಗೆ ಹೆಚ್ಚು ಆತಂಕವಾಗಿರುವುದು ದಿನಗಳ ಲೆಕ್ಕದ ಬಗ್ಗೆ. ಕೊನೆಯ ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ದೂರು ಸಲ್ಲಿಸಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ‘ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತಿನಲ್ಲಿ ನಿಮ್ಮ ಎರಡು ತಿಂಗಳು ಈಗಾಗಲೇ ಕಳೆದಿವೆ.

ದೂರಿನಲ್ಲಿ ತಾರೀಖು, ಸಮಯ, ಸ್ಥಳ, ಆಡಿದ ಮಾತು ಎಲ್ಲವನ್ನೂ ಕ್ರಮವಾಗಿ ಬರೆಯಿರಿ. ಎಚ್.ಆರ್. ಮುಖ್ಯಸ್ಥೆಯನ್ನು ಕಂಡ ದಿನವನ್ನೂ, ಅದರ ನಂತರ ಪ್ರಾಜೆಕ್ಟ್ ಕೈತಪ್ಪಿದ ದಿನವನ್ನೂ, ರೇಟಿಂಗ್ ಇಳಿದ ದಿನವನ್ನೂ ಅದರಲ್ಲೇ ಸೇರಿಸಿ. ಇವು ಬೇರೆ ವಿಷಯಗಳಲ್ಲ. ಕಿರುಕುಳಕ್ಕೆ ಸಂಬಂಧಿಸಿದಂತೆ ಉದ್ಯೋಗಕ್ಕೆ ಹಾನಿಯ ಬೆದರಿಕೆ ಹಾಕುವುದು, ಕೆಲಸಕ್ಕೆ ಅಡ್ಡಿಪಡಿಸುವುದು ಕೂಡ ಲೈಂಗಿಕ ಕಿರುಕುಳವಾಗಬಹುದೆಂದು ಕಾಯ್ದೆಯ 3ನೇ ಕಲಮು ಹೇಳುತ್ತದೆ. ವಾಟ್ಸ್‌ಆ್ಯಪ್ ಸಂದೇಶಗಳ ಸ್ಕ್ರೀನ್‌ಶಾಟ್, ಹಿಂದಿನ ವರ್ಷಗಳ ರೇಟಿಂಗ್ ಪತ್ರ, ಸಾಕ್ಷಿಗಳ ಹೆಸರು ಜೊತೆಗಿರಲಿ. ನಿಯಮದಂತೆ ಆರು ಪ್ರತಿ ಕೊಡಬೇಕು. ಏಳನೆಯದರ ಮೇಲೆ ಸ್ವೀಕೃತಿಯ ಸಹಿ, ತಾರೀಖು ಹಾಕಿಸಿಕೊಂಡು ಮನೆಯಲ್ಲಿಡಿ.

ಜೊತೆಗೆ ಮಧ್ಯಂತರ ಪರಿಹಾರ ಕೋರಿ ಪ್ರತ್ಯೇಕ ಅರ್ಜಿ ಕೊಡಿ, ಏಕೆಂದರೆ ನೀವು ಲಿಖಿತವಾಗಿ ಕೇಳದೆ ಇದು ಸಿಗುವುದಿಲ್ಲ. ವಿಚಾರಣೆ ನಡೆಯುವಾಗ ಆ ಮ್ಯಾನೇಜರ್ ನಿಮ್ಮ ಕೆಲಸದ ಮೌಲ್ಯಮಾಪನ ಮಾಡದಂತೆ ತಡೆಯಲು, ಅವರನ್ನೋ ನಿಮ್ಮನ್ನೋ ಬೇರೆಡೆಗೆ ವರ್ಗಾಯಿಸಲು, ನಿಮಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

ದೂರು ಕೊಟ್ಟವರನ್ನೇ ದಂಡಿಸುವ ಈ ಚಾಳಿಯನ್ನು ಸುಪ್ರೀಂ ಕೋರ್ಟ್ ಕಂಡಿದೆ. ಮೇಲಧಿಕಾರಿಯ ಕಿರುಕುಳವನ್ನೂ ಶಾಖೆಯ ಅಕ್ರಮಗಳನ್ನೂ ವರದಿ ಮಾಡಿದ ಬ್ಯಾಂಕ್ ಅಧಿಕಾರಿಣಿಯೊಬ್ಬರನ್ನು ಇಂದೋರ್‌ನಿಂದ, ತೀರಾ ಕೆಳದರ್ಜೆಯ ಅಧಿಕಾರಿ ಇರಬೇಕಾದ ದೂರದ ಶಾಖೆಗೆ ವರ್ಗ ಮಾಡಲಾಗಿತ್ತು. 2020ರಲ್ಲಿ ಕೋರ್ಟ್ ಅದನ್ನು ಸೇಡಿನ ಕ್ರಮವೆಂದೇ ಪರಿಗಣಿಸಿ, ಅವರನ್ನು ಒಂದು ವರ್ಷದ ಮಟ್ಟಿಗೆ ಇಂದೋರ್‌ಗೇ ಮರಳಿಸಲು ಆದೇಶಿಸಿ 50,000 ರೂಪಾಯಿ ವೆಚ್ಚವನ್ನೂ ಕೊಡಿಸಿತು. ಇಂಥ ಆದೇಶ ಪಡೆಯಲು ಅವರು ಎಷ್ಟು ಕಷ್ಟಪಟ್ಟಿರಬೇಕೆಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನಿಮ್ಮ ಕಂಪನಿಯಲ್ಲಿ ಸಮಿತಿಯೇ ಇಲ್ಲವಾದರೆ ಅದಕ್ಕೇ 50,000 ರೂಪಾಯಿವರೆಗೆ ದಂಡವಿದೆ. ಆಗ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯನ್ನು ಸಂಪರ್ಕಿಸಿ. ಮೈಮುಟ್ಟಿದ್ದಕ್ಕೆ ಪೊಲೀಸರಿಗೂ ದೂರು ಕೊಡುವ ಹಕ್ಕು ನಿಮಗಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ.

ರಾಜೀನಾಮೆಗೆ ದಯವಿಟ್ಟು ಸಹಿ ಹಾಕಬೇಡಿ. ಒಮ್ಮೆ ಸಹಿ ಬಿದ್ದರೆ, ಸ್ವಇಚ್ಛೆಯಿಂದ ಹೋದರು ಎಂದು ಅವರು ವಾದಿಸುತ್ತಾರೆ. ಇಂದೇ ಎಚ್.ಆರ್. ವಿಭಾಗಕ್ಕೆ ಎರಡು ಸಾಲಿನ ಇಮೇಲ್ ಕಳುಹಿಸಿ: ‘ಇಂಥ ದಿನ ರಾಜೀನಾಮೆ ಕೊಡುವಂತೆ ನನಗೆ ಸೂಚಿಸಿದಿರಿ. ನನಗೆ ರಾಜೀನಾಮೆ ಕೊಡುವ ಇಚ್ಛೆಯಿಲ್ಲ.’