ಹಳೆಯ ಆಟಗಳ ಮೂಲ ಉಳಿಯದಿರುವುದೇಕೆ, ಅಟ್ಟದ ಫ್ಲಾಪಿಗಳನ್ನು ಏನು ಮಾಡಬೇಕು?

ಹಳೆಯ ‘ಪ್ರಿನ್ಸ್ ಆಫ್ ಪರ್ಷಿಯಾ’ ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆಯಲ್ಲಿರುವುದೇಕೆ, ಅಂತಹ ಆಟಗಳ ಮೂಲವನ್ನು, ಅಂದರೆ ಪ್ರೋಗ್ರಾಮರ್ ಬರೆದ ಸೋರ್ಸ್ ಕೋಡನ್ನು, ತಯಾರಿಸಿದವರೇ ಕಾಪಾಡಿಕೊಳ್ಳಲಿಲ್ಲವೇಕೆ, ಗೋಣಿಕೊಪ್ಪದ ನಿಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿರುವ ಫ್ಲಾಪಿಗಳನ್ನು ಏನು ಮಾಡಬೇಕು ಎಂದು ಕೇಳಿದ್ದೀರಿ. ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿಯನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ತಿಳಿದಷ್ಟನ್ನು ವಿವರವಾಗಿ ಬರೆಯುತ್ತೇನೆ.

ಈ ಆಟವನ್ನು ಜೋರ್ಡನ್ ಮೆಕ್ನರ್ ಆಪಲ್ 2 ಕಂಪ್ಯೂಟರಿಗಾಗಿ ಬರೆದರು. ಬ್ರೋಡರ್‌ಬಂಡ್ ಸಂಸ್ಥೆ ಅದನ್ನು 1989ರಲ್ಲಿ ಹೊರತಂದಿತು. ತಮ್ಮ ಡೇವಿಡ್ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೊದಲ್ಲಿ ಹಿಡಿದು, ಅದರಿಂದ ಒಂದೊಂದೇ ಭಂಗಿಯನ್ನು ಬಿಡಿಸಿಕೊಂಡು, ತಿದ್ದಿ ಕಂಪ್ಯೂಟರಿಗೆ ಏರಿಸಿದ್ದರಿಂದಲೇ ರಾಜಕುಮಾರನ ಓಟದಲ್ಲಿ ನಿಜವಾದ ಮನುಷ್ಯನ ಮೈಭಾರ ಕಾಣುತ್ತದೆ. ಆದರೆ ಆ ಚಿತ್ರಗಳೇ ಮೆಮೊರಿಯನ್ನೆಲ್ಲ ನುಂಗಿಬಿಟ್ಟಿದ್ದರಿಂದ ಎದುರಾಳಿಗೆಂದು ಬೇರೆ ಚಿತ್ರಗಳನ್ನು ಇಡಲು ಜಾಗ ಉಳಿಯಲಿಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ, ಮೂಲ ಚಿತ್ರದೊಡನೆ ಎಕ್ಸ್‌ಕ್ಲೂಸಿವ್ ಆರ್ ಕ್ರಿಯೆಗೆ (ಎರಡು ಚಿತ್ರಗಳು ಬೇರೆಯಾಗುವ ಕಡೆಯಷ್ಟೇ ಚುಕ್ಕೆ ಉಳಿಸುವ ಲೆಕ್ಕಕ್ಕೆ) ಒಳಪಡಿಸಿದರು; ಮಿನುಗುವ ಅಂಚಿನ ‘ನೆರಳು ಮನುಷ್ಯ’ ಹುಟ್ಟಿದ್ದು ಹೀಗೆ. ಕನ್ನಡಿಯನ್ನು ಹಾದು ಜಿಗಿದಾಗ ಹೊರಬರುವ ಆ ನೆರಳು ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಕಲ್ಪನೆ.

ಆಪಲ್ 2ರ ಪ್ರೋಗ್ರಾಂ 6502 ಪ್ರೊಸೆಸರಿನ ಅಸೆಂಬ್ಲಿ ಭಾಷೆಯಲ್ಲಿತ್ತು, ಅಂದರೆ ಆ ಪ್ರೊಸೆಸರಿಗಷ್ಟೇ ಹೊಂದುವ ಆದೇಶಗಳಲ್ಲಿತ್ತು. ಐಬಿಎಂ ಪಿಸಿಯ ಪ್ರೊಸೆಸರಿಗೆ ಅದರ ಒಂದು ಸಾಲೂ ಅರ್ಥವಾಗದು. ಆದ್ದರಿಂದ ಪೋರ್ಟ್ ಮಾಡುವುದೆಂದರೆ, ಅಂದರೆ ಆಟವನ್ನು ಬೇರೆ ಯಂತ್ರಕ್ಕೆ ಒಯ್ಯುವುದೆಂದರೆ, ಮತ್ತೊಬ್ಬರು ಕುಳಿತು ಆಟವನ್ನು ಹೊಸದಾಗಿ ಬರೆಯುವುದೇ ಆಗಿತ್ತು. ಅವರು ಬಣ್ಣ, ಧ್ವನಿ, ಕೆಲವೊಮ್ಮೆ ಹಂತಗಳನ್ನೂ ಬದಲಿಸಿದರು. ಮೂಲದಲ್ಲಿ 12 ಹಂತಗಳು, 60 ನಿಮಿಷಗಳ ಗಡುವು. 1992ರ ಸೂಪರ್ ಫ್ಯಾಮಿಕಾಮ್ (ನಿಂಟೆಂಡೊದ ಆಟದ ಯಂತ್ರ) ಆವೃತ್ತಿಯಲ್ಲಿ 20 ಹಂತಗಳು, 120 ನಿಮಿಷಗಳು. ನೀವು ಗಮನಿಸಿದ ವ್ಯತ್ಯಾಸಕ್ಕೆ ಕಾರಣ ಇದೇ.

ಪ್ರಕಾಶಕರಿಗೆ ಬೇಕಿದ್ದದ್ದು ಮಾರಾಟಕ್ಕೆ ಸಿದ್ಧವಾದ ಡಿಸ್ಕ್. ಯಂತ್ರದ ಕಾಲ ಮುಗಿದ ಮೇಲೆ ಅದರ ಸೋರ್ಸ್ ಕೋಡಿಗೆ ಬೆಲೆಯಿದೆ ಎಂದು ಬಹುತೇಕರು ಭಾವಿಸಲೇ ಇಲ್ಲ. ಮೆಕ್ನರ್ ಅವರಿಗೇ ತಮ್ಮ ಕೋಡ್ ಎಷ್ಟೋ ವರ್ಷ ಸಿಕ್ಕಿರಲಿಲ್ಲ. 2012ರಲ್ಲಿ, ಆಟಕ್ಕೆ ಸಂಗೀತ ಸಂಯೋಜಿಸಿದ್ದ ಅವರ ತಂದೆ ಮನೆ ಸ್ವಚ್ಛಗೊಳಿಸುವಾಗ ಪೆಟ್ಟಿಗೆಯೊಂದರಲ್ಲಿ ಆ 3.5 ಇಂಚಿನ ಫ್ಲಾಪಿಗಳು ಸಿಕ್ಕವು. ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಮತ್ತು ಹಳೆಯ ಆಪಲ್ ಕಂಪ್ಯೂಟರುಗಳ ಸಂಗ್ರಾಹಕ ಟೋನಿ ಡಯಾಜ್ ನೆರವಿನಿಂದ ಅವುಗಳನ್ನು ಓದಿಸಿ, ಕೋಡನ್ನು ಎಲ್ಲರಿಗೂ ತೆರೆದಿಡಲಾಯಿತು. ಇಷ್ಟು ಹೆಸರಾದ ಆಟವೊಂದು ಹೀಗೆ ಆಕಸ್ಮಿಕವಾಗಿ ಉಳಿಯಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಆಗ ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ.

ಇನ್ನು ನಿಮ್ಮ ಫ್ಲಾಪಿಗಳು. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಗೆ ಚಪ್ಪಲಿ, ಪುಸ್ತಕಗಳೇ ಬೂಷ್ಟು ಹಿಡಿಯುವ ನಮ್ಮ ಜಿಲ್ಲೆಯಲ್ಲಿ ಫ್ಲಾಪಿಗೆ ಮೊದಲ ಶತ್ರು ತೇವವೇ. ಲೋಹದ ಮುಚ್ಚಳವನ್ನು ಮೆಲ್ಲಗೆ ಸರಿಸಿ, ಒಳಗಿನ ಕಪ್ಪು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಾಸಲು ಬಿಳಿ ಚುಕ್ಕೆಗಳು ಕಂಡರೆ ಅದನ್ನು ಯಾವ ಕಾರಣಕ್ಕೂ ಡ್ರೈವಿಗೆ ಹಾಕಬೇಡಿ: ಡ್ರೈವಿನ ಹೆಡ್ (ತಟ್ಟೆಯನ್ನು ಮುಟ್ಟಿ ಓದುವ ಭಾಗ) ಬೂಷ್ಟಿನ ಜೊತೆಗೆ ಕಾಂತೀಯ ಲೇಪವನ್ನೂ ಕೆರೆದುಹಾಕುತ್ತದೆ, ಅದೇ ಕೊಳೆ ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ. ಬಿಸಿಲಿಗಂತೂ ಇಡಲೇಬೇಡಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಚೊಕ್ಕಟವಾಗಿರುವವುಗಳ ಮೂಲೆಯ ಗುಂಡಿಯನ್ನು ಸರಿಸಿ ಕಿಂಡಿ ತೆರೆದರೆ ಅವುಗಳ ಮೇಲೆ ಹೊಸದಾಗಿ ಏನನ್ನೂ ಬರೆಯಲಾಗದು. ಆನಂತರ ಗ್ರೀಸ್‌ವೀಸಲ್‌ನಂತಹ ಬೋರ್ಡಿಗೆ ಹಳೆಯ ಫ್ಲಾಪಿ ಡ್ರೈವನ್ನು ಜೋಡಿಸಿ ಪ್ರತಿ ತೆಗೆಸಿ, ಏಕೆಂದರೆ ಅದು ಫೈಲುಗಳನ್ನಷ್ಟೇ ಅಲ್ಲದೆ ತಟ್ಟೆಯ ಮೇಲಿನ ಕಾಂತೀಯ ಸಂಕೇತವನ್ನೇ ಇದ್ದಂತೆ ದಾಖಲಿಸುತ್ತದೆ.

ಅದೇ ಅಟ್ಟದಲ್ಲಿ ಆಟದ ಕೈಪಿಡಿಯೂ ಇದೆಯೇ ಎಂದು ದಯವಿಟ್ಟು ಹುಡುಕಿ. ಡಾಸ್ (ಐಬಿಎಂ ಪಿಸಿಯ ಹಳೆಯ ಆಪರೇಟಿಂಗ್ ಸಿಸ್ಟಂ) ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಮೇಲೆ, ಆಟ ಸೂಚಿಸುವ ಸ್ಥಳದಲ್ಲಿರುವ ಅಕ್ಷರವನ್ನು ಕೈಪಿಡಿಯಲ್ಲಿ ನೋಡಿಕೊಂಡು ಅದೇ ಅಕ್ಷರದ ಪಾನೀಯವನ್ನು ಕುಡಿಯಬೇಕು. ಅಸಲಿ ಪ್ರತಿಯಾದರೆ ಕೈಪಿಡಿಯಿಲ್ಲದೆ ಅಲ್ಲಿಂದ ಮುಂದಕ್ಕೆ ಹೋಗುವುದು ಕಷ್ಟ.