ಘಾಟು, ಒಗರು, ಘಮ: ಸಿಗಾರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕೈಯಲ್ಲಿ ಸುತ್ತಿದ ಸಿಗಾರ್ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಬೈಯುವುದಕ್ಕೇ ಬರೆದವರೂ ಇದ್ದಾರೆ, ಅವರಿಗೂ ಕೊನೆಯ ಹತ್ತಿರ ಉತ್ತರ ಇದೆ.

ಪ್ರಶ್ನೆ: ಗೆಳೆಯರೊಬ್ಬರು ಒಳ್ಳೆಯ ಸಿಗಾರ್ ಒಂದನ್ನು ಉಡುಗೊರೆ ಕೊಟ್ಟರು. ವಿಮರ್ಶೆಗಳಲ್ಲಿ ‘ಚರ್ಮ, ಕೋಕೋ, ದೇವದಾರು’ ಅಂತೆಲ್ಲ ಬರೆದಿರುತ್ತಾರೆ. ನನಗೆ ಹೊಗೆ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ನನ್ನ ನಾಲಿಗೆಯಲ್ಲೇ ದೋಷ ಇದೆಯಾ?

ಉತ್ತರ: ನಾಲಿಗೆ ಸರಿಯಾಗೇ ಇದೆ. ನೀವು ಅವಸರ ಮಾಡಿದ್ದೀರಿ, ಅಷ್ಟೇ. ಆ ಸಿಗಾರ್ ಒಳಗೆ ಕೋಕೋನೂ ಇಲ್ಲ, ಚರ್ಮವೂ ಇಲ್ಲ, ಇರುವುದು ಬರೀ ಹೊಗೆಸೊಪ್ಪು. ಸೊಪ್ಪನ್ನು ಒಣಗಿಸಿ, ರಾಶಿ ಹಾಕಿ, ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ರಾಶಿಯ ಹೊಟ್ಟೆಯಲ್ಲಿ ಬಿಸಿ ಏರುತ್ತದೆ, ಅಮೋನಿಯಾ ಹೊರಗೆ ಹೋಗುತ್ತದೆ, ಎಲೆಯ ಒರಟುತನ ಇಳಿಯುತ್ತದೆ. ಅಂಥ ಎಲೆಗೆ ಬೆಂಕಿ ತಾಗಿದಾಗ ಬರುವ ಘಮ ಒಬ್ಬೊಬ್ಬರಿಗೆ ಒಂದೊಂದನ್ನು ನೆನಪಿಸುತ್ತದೆ. ವಿಮರ್ಶಕರು ಬರೆಯುವುದು ತಮ್ಮ ನೆನಪನ್ನು. ಅದೇ ನೆನಪು ನಿಮಗೂ ಬರಬೇಕು ಅಂತ ಎಲ್ಲಿದೆ?

ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲ ಪರೀಕ್ಷೆ ಬೆರಳಿನದು. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬೆಂಕಿ ಹಚ್ಚುವ ತುದಿಯಿಂದ ಬಾಯಿಗಿಡುವ ತುದಿಯವರೆಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಎಲ್ಲ ಕಡೆ ಒಂದೇ ಹದದಲ್ಲಿ ಸ್ವಲ್ಪ ತಗ್ಗಿ ವಾಪಸು ಬರಬೇಕು. ಪೊಳ್ಳು ಸಿಕ್ಕರೆ ಅಲ್ಲಿ ಬೇಗ ಉರಿದು ಬಿಸಿಯಾಗುತ್ತದೆ. ಗಂಟು ಸಿಕ್ಕರೆ ಅಲ್ಲಿಗೆ ಬರುವಷ್ಟರಲ್ಲಿ ಎಳೆದೂ ಎಳೆದೂ ಕೆನ್ನೆ ನೋಯುತ್ತದೆ. ಚಟಚಟ ಸದ್ದು ಬಂದರೆ ಒಣಗಿ ಹೋಗಿದೆ ಅಂತ.

ಎಲೆಗಳ ಬಗ್ಗೆಯೂ ಒಂದು ಮಾತು. ಹೊರಗೆ ನುಣ್ಣಗೆ ಸುತ್ತಿದ ಎಲೆ ರ‍್ಯಾಪರ್, ಅದರ ಕೆಳಗೆ ಎಲ್ಲವನ್ನೂ ಹಿಡಿದಿಡುವ ಬೈಂಡರ್, ಹೊಟ್ಟೆಯಲ್ಲಿ ಫಿಲ್ಲರ್. ಫಿಲ್ಲರ್‌ನಲ್ಲಿ ಗಿಡದ ಮೇಲ್ತುದಿಯ, ಬಿಸಿಲು ಕುಡಿದ ದಪ್ಪ ಎಲೆಗೆ ಲಿಹೇರೊ ಅನ್ನುತ್ತಾರೆ. ಗಡಸು ಬರುವುದು ಅದರಿಂದ. ನಡುವಿನ ಎಲೆ ಸೆಕೊ, ಘಮ ಅದರದು. ಬುಡದ ಕಡೆಯ ವೊಲಾಡೊ ಚೆನ್ನಾಗಿ ಉರಿಯುತ್ತದೆ. ಲಿಹೇರೊ ನಿಧಾನವಾಗಿ ಉರಿಯುವುದರಿಂದ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ಸ್ವಲ್ಪ ಪಕ್ಕಕ್ಕೆ ಜರುಗಿದರೂ ಆ ಪಕ್ಕ ಉರಿಯದೆ ಹಿಂದೆ ಉಳಿಯುತ್ತದೆ. ಕೈಕೆಲಸ ಅಂದರೆ ಇದೇ.

ಕ್ಯಾಪ್ ಕಡೆ, ಅಂದರೆ ಬಾಯಿಗಿಡುವ ತುದಿಯಲ್ಲಿ, 2 ಮಿಲಿಮೀಟರ್‌ನಷ್ಟು ಮಾತ್ರ ಕತ್ತರಿಸಿ. ತಲೆಯ ಉರುಟು ಮುಗಿದು ನೇರ ಮೈ ಶುರುವಾಗುತ್ತಲ್ಲ, ಆ ಗೆರೆ ದಾಟಿದರೆ ರ‍್ಯಾಪರ್ ಬಾಯಲ್ಲೇ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಸುಮ್ನೆ ಒಂದು ದಮ್ ಎಳೆಯಿರಿ. ಒಣಹುಲ್ಲಿನದೋ ಮರದ್ದೋ ತೆಳು ವಾಸನೆ ಬಂದರೆ ಒಳ್ಳೆಯದು. ಅಮೋನಿಯಾ ಮೂಗಿಗೆ ಹೊಡೆದರೆ ಎಲೆ ಇನ್ನೂ ಹಸಿ, ಕೆಲವು ತಿಂಗಳು ಎತ್ತಿಡಿ. ಹಚ್ಚುವಾಗ ಉರಿ ಎಲೆಗೆ ತಾಗದ ಹಾಗೆ ಸ್ವಲ್ಪ ದೂರ ಹಿಡಿದು, ಸಿಗಾರ್ ತಿರುಗಿಸುತ್ತಾ ತುದಿಯೆಲ್ಲ ಒಂದೇ ಸಮ ಕೆಂಪಾಗಿಸಿ. ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಎಲೆಗೆ ಹತ್ತುತ್ತದೆ.

ಆಮೇಲೆ ನಿಮಿಷಕ್ಕೊಂದು ದಮ್, ಜಾಸ್ತಿ ಬೇಡ. ಬೇಗ ಬೇಗ ಎಳೆದರೆ ಕೆಂಡ ಬಿಸಿಯಾಗಿ ಎಂಥ ಸಿಗಾರ್ ಆದರೂ ಕಹಿಯಾಗುತ್ತದೆ. ನಿಮಗೆ ಆಗಿದ್ದೂ ಇದೇ ಇರಬೇಕು. ಹೊಗೆಯನ್ನು ಎದೆಗೆ ಎಳೆಯಬೇಡಿ, ಬಾಯಲ್ಲಿ ಹೊರಳಿಸಿ ಬಿಡಿ. ನಾಲ್ಕೈದು ದಮ್‌ಗೊಮ್ಮೆ ಬಾಯಲ್ಲಿರುವ ಹೊಗೆಯಲ್ಲಿ ಚೂರೇ ಚೂರನ್ನು ಮೂಗಿನಿಂದ ಹೊರಗೆ ಬಿಡಿ. ಮೊದಲ ಸಲ ಕಣ್ಣಲ್ಲಿ ನೀರು ಬರುತ್ತದೆ. ಆದರೆ ನಿಮಗೆ ಕಾಣದೇ ಹೋದ ಘಮ ಸಿಗುವುದು ಅಲ್ಲೇ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕೈದು ರುಚಿ ಮಾತ್ರ, ಉಳಿದದ್ದೆಲ್ಲ ಮೂಗಿನ ಕೆಲಸ. ನೆಗಡಿಯಾದಾಗ ಊಟ ಸಪ್ಪೆ ಅನಿಸುತ್ತದೆ, ಅಲ್ವಾ? ಹಾಗೇ.

ಇನ್ನು ಪದಗಳು. ದೇವದಾರು ಮರ ಮೂಸಿಯೇ ಇಲ್ಲದವರು ‘ದೇವದಾರು’ ಅಂತ ಬರೆಯುವುದು ನನಗೆ ನಗು ಬರಿಸುತ್ತದೆ. ಕನ್ನಡದಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಪದಗಳಿವೆ. ಘಾಟು ಗಂಟಲಿಗೆ ಹತ್ತುತ್ತದೆ. ಖಾರ ಮೂಗಿನಲ್ಲಿ ಚುರುಕ್ ಅನ್ನುತ್ತದೆ. ಒಗರು ಕೆನ್ನೆಯ ಒಳಬದಿಯನ್ನು ಒಣಗಿಸಿ ಹಿಡಿದೆಳೆದ ಹಾಗೆ ಮಾಡುತ್ತದೆ. ಹಳೇ ಎಣ್ಣೆಯ ಹಾಗೆ ಮುಖ ಸಿಂಡರಿಸುವಂತಿದ್ದರೆ ಕಮಟು. ಸಿಗಾರ್ ಅನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿಕೊಂಡು ಒಂದೊಂದಕ್ಕೆ ಒಂದು ಸಾಲು ಬರೆಯಿರಿ, ಯಾಕೆಂದರೆ ಶುರುವಿನ ರುಚಿ ಕೊನೆಗೆ ಇರುವುದಿಲ್ಲ, ಉರಿದಂತೆಲ್ಲ ಹಿಂದಿನ ಎಲೆಯಲ್ಲಿ ಜಿಡ್ಡು ಸೇರಿ ಗಡಸು ಏರುತ್ತಾ ಹೋಗುತ್ತದೆ. ಬೇರೆಯವರ ವಿಮರ್ಶೆಯನ್ನು ಆಮೇಲೆ ಓದಿ. ಮೊದಲೇ ಓದಿದರೆ ನಿಮ್ಮ ನಾಲಿಗೆ ಅದನ್ನೇ ಒಪ್ಪಿಸುತ್ತದೆ.

ಪ್ರಶ್ನೆ: ಕಪ್ಪಗಿರುವ ಸಿಗಾರ್ ಸ್ಟ್ರಾಂಗ್, ತಿಳಿ ಬಣ್ಣದ್ದು ಲೈಟ್ ಅಲ್ವಾ?

ಉತ್ತರ: ಅಲ್ಲ. ಕಪ್ಪು ರ‍್ಯಾಪರ್‌ಗೆ ಮಡೂರೊ ಅನ್ನುತ್ತಾರೆ, ಸ್ಪ್ಯಾನಿಶ್‌ನಲ್ಲಿ ‘ಮಾಗಿದ್ದು’ ಅಂತ ಅರ್ಥ. ಜಾಸ್ತಿ ಕಾಲ, ಜಾಸ್ತಿ ಬಿಸಿಯಲ್ಲಿ ಹುದುಗಿದ್ದರಿಂದ ಬಂದ ಬಣ್ಣ ಅದು, ಎಷ್ಟೋ ಸಲ ರುಚಿ ಸಿಹಿ ಕಡೆಗೇ ವಾಲುತ್ತದೆ. ಗಡಸು ತೀರ್ಮಾನವಾಗುವುದು ಮುಖ್ಯವಾಗಿ ಹೊಟ್ಟೆಯಲ್ಲಿರುವ ಲಿಹೇರೊದಿಂದ. ಸ್ಟ್ರೆಂತ್ ಬೇರೆ, ಬಾಡಿ ಬೇರೆ ಅನ್ನುವುದನ್ನೂ ನೆನಪಿಡಿ. ಸ್ಟ್ರೆಂತ್ ಅಂದರೆ ನಿಕೋಟಿನ್ನಿನ ಹೊಡೆತ, ತಲೆಗೂ ಹೊಟ್ಟೆಗೂ ಗೊತ್ತಾಗುತ್ತದೆ. ಬಾಡಿ ಅಂದರೆ ಬಾಯಲ್ಲಿ ಹೊಗೆ ಎಷ್ಟು ತೂಕವಾಗಿದೆ ಅನ್ನುವುದು. ನಾನು ಮೊದಮೊದಲು ತಿಳಿ ಬಣ್ಣ ನೋಡಿ ಮೋಸ ಹೋಗಿ, ಖಾಲಿ ಹೊಟ್ಟೆಯಲ್ಲಿ ಒಂದನ್ನು ಸೇದಿ, ಬೆವರು ಕಿತ್ತು, ಅರ್ಧ ಗಂಟೆ ಗೋಡೆಗೆ ಒರಗಿ ಕೂತಿದ್ದೆ.

ಪ್ರಶ್ನೆ: ಬೂದಿ ಬೆಳ್ಳಗಿದ್ದು ಉದ್ದ ನಿಂತರೆ ಅದೇ ಒಳ್ಳೆಯ ಸಿಗಾರ್ ಅಂತೆ. ನಿಜವಾ?

ಉತ್ತರ: ಅರ್ಧ ನಿಜ. ಬೂದಿ ಒಂದಂಗುಲದಷ್ಟು ಗಟ್ಟಿಯಾಗಿ ನಿಂತರೆ ಒಳಗೆ ಉದ್ದನೆಯ ಇಡೀ ಎಲೆಗಳಿವೆ, ಚೂರು ತುಂಬಿಲ್ಲ ಅಂತ ಗೊತ್ತಾಗುತ್ತದೆ. ಬಣ್ಣ ಮಾತ್ರ ಮಣ್ಣಿನಿಂದ ಎಲೆಗೆ ಬಂದ ಮೆಗ್ನೀಸಿಯಂನಂಥ ಖನಿಜಗಳ ಮಾತು, ರುಚಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಬೂದಿಗಿಂತ ಉರಿಯುವ ಗೆರೆ ನೋಡಿ. ಅದು ಸುತ್ತಲೂ ಸಮವಾಗಿರಬೇಕು. ಒಂದು ಪಕ್ಕ ಓಡುತ್ತಿದ್ದರೆ ಸುತ್ತಿದವರನ್ನು ದೂರುವ ಮೊದಲು, ನೀವು ಸಮನಾಗಿ ಹಚ್ಚಿದ್ದಿರಾ, ಗಾಳಿಗೆ ಎದುರು ಕೂತಿದ್ದಿರಾ ಯೋಚಿಸಿ. ಇನ್ನು, ಉದುರದ ಬೂದಿ ತೋರಿಸುವ ಆಟ ಬೇಡ, ಅಂಗಿ ಹಾಳಾಗುತ್ತದೆ.

ಪ್ರಶ್ನೆ: ಒಂದೇ ಡಬ್ಬಿಯ ಸಿಗಾರ್. ಒಂದು ಬಹಳ ಚೆನ್ನಾಗಿತ್ತು, ಇನ್ನೊಂದು ಬರೀ ಕಹಿ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬೇಡಿ, ಮೂರನೆಯದನ್ನು ಸೇದಿ ನೋಡಿ. ನನ್ನ ನೋಟ್‌ಬುಕ್‌ನಲ್ಲಿ ಒಂದೇ ರೊಬುಸ್ಟೊಗೆ (ಇದು ಸಿಗಾರ್‌ನ ಒಂದು ಅಳತೆಯ ಹೆಸರು) ಎರಡು ಪುಟ ಇದೆ. ಸುಮಾರು 5 ಇಂಚು ಉದ್ದ, 50 ರಿಂಗ್ ಗೇಜ್, ಅಂದರೆ ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ 50 ಪಾಲು ದಪ್ಪ. ಮೊದಲ ಪುಟದಲ್ಲಿ ‘ಒದ್ದೆ ಮರ, ಕಹಿ, ಎರಡು ಸಲ ಆರಿತು, ಅರ್ಧಕ್ಕೆ ಬಿಟ್ಟೆ’ ಅಂತಿದೆ. ಆರು ವಾರದ ನಂತರದ ಪುಟದಲ್ಲಿ ‘ಹುರಿದ ಬಾದಾಮಿ, ನಡುವೆ ತೆಳು ಸಿಹಿ, ಬೆರಳು ಸುಡುವವರೆಗೆ ಬಿಡಲಿಲ್ಲ’ ಅಂತಿದೆ. ಆಗಿದ್ದಿಷ್ಟೇ. ಪಾರ್ಸೆಲ್ ಬಂದ ಸಂಜೆಯೇ ತಾಳ್ಮೆಯಿಲ್ಲದೆ ಹಚ್ಚಿದ್ದೆ, ಎಲೆಯಲ್ಲಿ ತೇವ ಜಾಸ್ತಿ ಇತ್ತು. ಉಳಿದವು ತೇವವನ್ನು ಹದವಾಗಿ ಕಾಯುವ ಪೆಟ್ಟಿಗೆ, ಅಂದರೆ ಹ್ಯುಮಿಡಾರ್‌ನಲ್ಲಿ ಕೂತು ಹದಕ್ಕೆ ಬಂದವು. ತೇವಾಂಶ ಶೇ. 65ರಿಂದ 70, ಬಿಸಿ 18ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಬಿಸಿ ಏರಿದರೆ ಹೊಗೆಸೊಪ್ಪಿನ ಹುಳದ ಮೊಟ್ಟೆಗಳು ಒಡೆಯುವ ಭಯ ಇದೆ. ರ‍್ಯಾಪರ್ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ತೂತು ಕಂಡರೆ ಆ ಸಿಗಾರ್ ಅನ್ನು ಕೂಡಲೇ ಬೇರೆ ಇಡಿ.

ಪ್ರಶ್ನೆ: 92 ಅಂಕ, 95 ಅಂಕ ಅಂತ ಕೊಡುತ್ತಾರಲ್ಲ, ಅದನ್ನು ನೋಡಿ ಕೊಳ್ಳಬಹುದಾ?

ಉತ್ತರ: ನೋಡಿ, ಆದರೆ ಅದಕ್ಕೇ ಅಂಟಿಕೊಳ್ಳಬೇಡಿ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಸಿಗಾರ್ ಅಫಿಶಿಯೊನಾಡೊ ಪತ್ರಿಕೆ 100ಕ್ಕೆ ಅಂಕ ಕೊಡುತ್ತದೆ. ಅಲ್ಲಿ ಯಾವ ಕಂಪನಿಯದು ಅಂತ ತಿಳಿಯದ ಹಾಗೆ ಬ್ಯಾಂಡ್, ಅಂದರೆ ಸಿಗಾರ್ ಸುತ್ತ ಇರುವ ಕಂಪನಿ ಹೆಸರಿನ ಪಟ್ಟಿ, ತೆಗೆದು ರುಚಿ ನೋಡುತ್ತಾರೆ. ಅವರ ಅಂಕಕ್ಕಿಂತ ನನಗೆ ಆ ಕ್ರಮವೇ ಇಷ್ಟ. ನೀವೂ ಮಾಡಬಹುದು, ಮನೆಯವರಿಗೆ ಹೇಳಿ ಬ್ಯಾಂಡ್ ಮೇಲೆ ಕಾಗದ ಸುತ್ತಿಸಿಕೊಳ್ಳಿ. ಚಿನ್ನದ ಬಣ್ಣದ ಆ ಪಟ್ಟಿ ಕಣ್ಣಿಗೆ ಬಿದ್ದ ಕೂಡಲೇ ಅರ್ಧ ತೀರ್ಪು ಆಗಿಹೋಗಿರುತ್ತದೆ. ನಾನು ಅಂಕ ಕೊಡುವುದಿಲ್ಲ. ಆಶ್‌ಟ್ರೇಯಲ್ಲಿ ಉಳಿದ ತುಂಡನ್ನು ಸ್ಕೇಲ್ ಇಟ್ಟು ಅಳೆದು ಬರೆದುಕೊಳ್ಳುತ್ತೇನೆ. ಬಾಯಲ್ಲಿ ಎಷ್ಟು ಹೊಗಳಿದರೂ ತುಂಡು ಮೂರು ಇಂಚು ಉಳಿದಿದ್ದರೆ ಆ ಸಿಗಾರ್ ನನಗೆ ಹಿಡಿಸಿಲ್ಲ.

ಪ್ರಶ್ನೆ: ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಅಪಾಯ ಇಲ್ಲ ಅಂತ ನಿಮ್ಮಂಥವರು ಹೇಳುತ್ತೀರಿ. ಇದು ಸುಳ್ಳಲ್ಲವೇ?

ಉತ್ತರ: ಸುಳ್ಳೇ. ಸಿಗಾರ್ ಹೊಗೆ ಕ್ಷಾರ ಗುಣದ್ದು, ಹಾಗಾಗಿ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್‌ಗೆ ಸಿಗಾರ್ ಕಾರಣ ಅನ್ನುವುದು ಸಾಬೀತಾದ ವಿಷಯ. ಪಕ್ಕದಲ್ಲಿ ಕೂತವರಿಗೂ ಹೊಗೆ ಹೋಗುತ್ತದೆ. ಸೇದದವರು ಈ ಅಂಕಣ ಓದಿ ಶುರು ಮಾಡಬೇಡಿ. ನಾನು ಸೇದುತ್ತೇನೆ ಅನ್ನುವುದು ಅದಕ್ಕೆ ಸಮರ್ಥನೆ ಅಲ್ಲ.

ಪ್ರಶ್ನೆ: ಅರ್ಧ ಸೇದಿ ಆರಿಸಿಟ್ಟು ಮರುದಿನ ಉಳಿದದ್ದನ್ನು ಸೇದಬಹುದಾ?

ಉತ್ತರ: ಬೇಡ. ಕಮಟು ಅಂದರೆ ಏನು ಅಂತ ತಿಳಿಯಬೇಕಿದ್ದರೆ ಒಂದೇ ಒಂದು ಸಲ ಮಾಡಿ ನೋಡಿ.